ಡಾಕ್ಟರ್ ಬಾಯಿ

ನನ್ನ ಮೌಶಿಗೆ ಸೊಳ್ಳೆ ಕಚ್ಚಿದರೆ ಅವಳು ಹೊಡೆಯುವುದಿಲ್ಲ, ಮೊದಲು ಅದರ ಜಾತಿ ಯಾವುದು ಅಂತ ನೋಡುತ್ತಾಳೆ. ನಂಬಿಕೆ ಬರಲಿಲ್ಲವೇ? ಅಂಧೇರಿಯ ಅವಳ ಮನೆಯಲ್ಲಿ ಒಂದು ಸಂಜೆ ಕೂತು ನೋಡಿ. ತೋಳು ಚಾಚಿ, ಕನ್ನಡಕ ಹಣೆಗೇರಿಸಿ, "ತಡೀ, ಕಾಲಿನ ಮ್ಯಾಲೆ ಬಿಳೀ ಪಟ್ಟಿ ಅದಾವೇನು ನೋಡೂಣು" ಎನ್ನುತ್ತಾಳೆ. ಅವಳು ನೋಡಿ ಮುಗಿಸುವಷ್ಟರಲ್ಲಿ ಸೊಳ್ಳೆ ಊಟ ಮುಗಿಸಿ ಎದ್ದು ಹೋಗಿರುತ್ತದೆ.

ಮೌಶಿ ಎಂದರೆ ನನ್ನ ಅವ್ವನ ತಂಗಿ. ಧಾರವಾಡದಲ್ಲಿ ಓದಿ, ಪರೇಲಿನ ಒಂದು ಪ್ರಯೋಗಾಲಯದಲ್ಲಿ ಸೊಳ್ಳೆಗಳ ಹಿಂದೆ ಬಿದ್ದು ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಸೊಳ್ಳೆಯದು ಬಿಡಿ, ಅದಕ್ಕೆ ಸಂಬಳ ಬರುತ್ತದೆ. ಅವಳ ನಿಜವಾದ ಹುಚ್ಚು ಬೇರೆ. ಯಾರು ಕೆಲಸ ಮಾಡಿದರೋ ಅವರ ಹೆಸರು ಹೇಳಲೇಬೇಕು! ಒಬ್ಬರು ಕೂಡಿಸಿದ ಡೇಟಾ ಇನ್ನೊಬ್ಬರು ಧಾರಾಳವಾಗಿ ಬಳಸಲಿ, ಬಚ್ಚಿಟ್ಟುಕೊಳ್ಳುವುದು ಪಾಪ. ಆದರೆ ಹೆಸರು ಬಿಟ್ಟರೆ ಅದು ಕಳ್ಳತನ. ಉಳಿದ ವಿಜ್ಞಾನಿಗಳು ಈ ನಿಯಮವನ್ನು ಸಂಜೆ ಲ್ಯಾಬಿನಲ್ಲೇ ಬಿಟ್ಟು ಬರುತ್ತಾರೆ. ಮೌಶಿ ಅದನ್ನು ಲೋಕಲ್ ರೈಲಿನಲ್ಲಿ ಹೊತ್ತುಕೊಂಡು ಮನೆಗೆ ತರುತ್ತಾಳೆ.

ಅವಳ ಮನೆಯಲ್ಲಿ ಅವಲಕ್ಕಿ ಬಂದರೆ ಜೊತೆಗೆ ಒಂದು ಪೀಠಿಕೆಯೂ ಬರುತ್ತದೆ. "ತೊಯ್ಸಿದ್ದು ನಾನು. ಒಗ್ಗರಣಿ ಅಳತಿ ನಿಮ್ಮ ಅವ್ವಂದು. ಶೇಂಗಾ ಹುರಿದಾಕಿ ಬಾಜೂ ಮನಿ ಕಾಕೂ."

"ಉಪ್ಪು ಜಾಸ್ತಿ ಆಗ್ಯದಲ್ಲ ಮೌಶಿ, ಅದು ಯಾರದು?"

"ಆ ವಿಷಯದಾಗ ಲೇಖಕರೊಳಗ ಒಮ್ಮತ ಇಲ್ಲ," ಎಂದು ತಿನ್ನತೊಡಗಿದಳು.

ಪವಾಯಿಯಲ್ಲಿ ನನ್ನ ಅತ್ತೆ-ಮಾವನ ಮನೆಗೆ ಅವಳನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಹೊಸ ಸೊಸೆ ನಾನು, ಒಂದು ಜೋಕು ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿಯುವ ತನಕ ಮೌಶಿ ಸಭ್ಯವಾಗಿ ಕಾದು, "ಈ ಜೋಕು ಮೂಲದಾಗ ಇವಳ ಸೋದರಮಾವಂದು. ಇವಳು ಕೊನೀ ಸಾಲು ಅಷ್ಟ ಬದಲಿ ಮಾಡ್ಯಾಳ," ಎಂದಳು. ನನ್ನ ಮಾವ ಇವತ್ತಿಗೂ ನಾನು ಏನಾದರೂ ಹೇಳಿದರೆ, "ಇದು ನಿಂದೋ, ನಿಮ್ಮ ಮಾಮಂದೋ?" ಎಂದು ಕೇಳುತ್ತಾರೆ.

ಇಂಥ ಮೌಶಿ ಹೋದ ವರ್ಷ ತನ್ನ ಹನ್ನೊಂದು ವರ್ಷದ ಲೆಕ್ಕವನ್ನೆಲ್ಲ ಅಂತರ್ಜಾಲದಲ್ಲಿ ಲೋಕಕ್ಕೆ ತೆರೆದಿಟ್ಟಳು. ಮುಂಬೈಯ ಯಾವ ಚಾಳಿನ, ಅಂದರೆ ವಠಾರದ, ಯಾವ ಡ್ರಮ್ಮಿನ ನೀರಿನಲ್ಲಿ, ಯಾವ ವಾರ, ಎಷ್ಟು ಸೊಳ್ಳೆಮರಿಗಳಿದ್ದವು ಎಂಬ ಲೆಕ್ಕ. ಯಾರು ಬೇಕಾದರೂ ಬಳಸಿ ಎಂದಳು. ವಿದೇಶದ ಸಂಶೋಧಕನೊಬ್ಬ ಬಳಸಿದ. ಪಾಪ, ಸಂಸ್ಕಾರವಂತ. ಅವನಿಂದ ಒಂದು ಇಮೇಲ್ ಬಂತು: "ನನ್ನ ಪ್ರಬಂಧ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಮುಕ್ಕಾಲು ಪಾಲು ಮಾದರಿ ಸಂಗ್ರಹಿಸಿದವರು ಡಾಕ್ಟರ್ ಬಾಯಿ ಅಂತ ನೋಡಿದೆ. ಅವರ ಪೂರ್ತಿ ಹೆಸರು ಬೇಕಿತ್ತು. ಆ ಅಡ್ಡಹೆಸರು ಚೀನಾದಲ್ಲಿ ಇದೆಯಲ್ಲ, ಅವರು ಅಲ್ಲಿಯವರೇ?"

ಮೌಶಿ ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ನಾನು ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ನಕ್ಕೆ. ನಗದೆ ಇನ್ನೇನು ಮಾಡಲಿ? ಮುಂಬೈಯಲ್ಲಿ ಕಸ ಗುಡಿಸುವ, ಭಾಂಡಿ ತಿಕ್ಕುವ ಹೆಂಗಸರೆಲ್ಲರ ಹೆಸರೂ ಒಂದೇ, ಬಾಯಿ. ಮೌಶಿಯ ಲ್ಯಾಬಿನ ಕಸ ಗುಡಿಸುವ ಬಾಯಿ ವಿಜಯಪುರದ ಕಡೆಯವಳು. ಬಿಲ್ಡಿಂಗ್ ಕಟ್ಟುವ ಕೆಲಸ ಮಾಡುತ್ತ ಆ ಚಾಳುಗಳಲ್ಲಿ ಇರುವವರೆಲ್ಲ ಅವಳ ಕಡೆಯ ಮಂದಿ. ವಿಜ್ಞಾನಿಗಳು ಹೋದರೆ ತೆರೆಯದ ಬಾಗಿಲು ಅವಳು ಕೂಗಿದರೆ ತೆರೆಯುತ್ತಿತ್ತು. ಹನ್ನೊಂದು ವರ್ಷ ಡ್ರಮ್ಮು, ನೀರಿನ ಟಾಕಿ, ಒಡೆದ ಬಕೆಟ್ಟುಗಳೊಳಗೆ ಬಗ್ಗಿ ಬಗ್ಗಿ, ಸಣ್ಣ ಬಾಟಲಿಗಳಲ್ಲಿ ಸೊಳ್ಳೆಮರಿ ಹಿಡಿದು ತಂದವಳು ಅವಳೇ.

"ನಗಬ್ಯಾಡ," ಎಂದಳು ಮೌಶಿ. "ಡಾಕ್ಟರ್ ಅಂತ ಅವನ ಹಚ್ಚ್ಯಾನ, ಬಾಯಿ ಅಂತ ಟೈಪ್ ಮಾಡಿದಾಕಿ ನಾನು. ಶೇಂಗಾ ಹುರಿದಾಕಿ ಹೆಸರು ನನಗ ಗೊತ್ತದ. ಇಕಿ ಹೆಸರು ಹನ್ನೊಂದು ವರ್ಷದಾಗ ಒಮ್ಮೆನೂ ಕೇಳಿಲ್ಲ."

ಅವಳ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. 'ಲ್ಯಾಬಿನ ಸಿಬ್ಬಂದಿ' ಅಂತ ಬರೆದು ಕಳಿಸಿಬಿಡಿ ಎಂದು ಅವಳ ಮೇಲಿನ ಸಾಹೇಬರು ಹೇಳಿದರಂತೆ. "ಅದು ಯಾರ ಹೆಸರು, ಸರ್?" ಎಂದು ಕೇಳಿ ಬಂದಿದ್ದಳು.

ಶನಿವಾರ ಮುಂಜಾನೆ ನನ್ನನ್ನು ಪರೇಲಿಗೆ ಎಳೆದುಕೊಂಡು ಹೋದಳು. ಕಂಪ್ಯೂಟರಿನಲ್ಲಿ ಹೆಸರು ಬದಲಿಸುವ ಕೆಲಸ ನನ್ನದು. ಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ನಿನ್ನ ಹೆಸರೇನವಾ?" ಎಂದು ಕೇಳಿದಳು ಮೌಶಿ.

"ದುರಗವ್ವ ರೀ. ಯಾಕ್ರಿ ಅಕ್ಕಾರ, ಏನರ ತಪ್ಪಾಗೇತೇನ್ರಿ?"

"ತಪ್ಪು ಆಗ್ಯದ. ನಂದು."

ನಾನು ನನ್ನ ಜಾಣತನ ತೋರಿಸಲು ಹೊರಟೆ. ಸಾವಿರಾರು ಸಾಲು ಒಂದೊಂದಾಗಿ ತಿದ್ದುವವರು ಯಾರು? ಬಾಯಿ ಇದ್ದಲ್ಲೆಲ್ಲ ದುರಗವ್ವ ಹಾಕು ಎಂದು ಯಂತ್ರಕ್ಕೆ ಹೇಳಿ ಒಂದು ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಮೌಶಿ ಬಗ್ಗಿ ನೋಡಿ, "ಇದೇನಿದು, ಮುಮ್‌ದುರಗವ್ವ?" ಎಂದಳು. ಇಂಗ್ಲಿಷಿನಲ್ಲಿ ಮುಂಬೈ ಎಂದು ಬರೆದರೆ ಬಾಲದಲ್ಲಿ ಬರುವುದೂ ಬಾಯಿಯ ಅವೇ ಮೂರು ಅಕ್ಷರ! ಅಂಧೇರಿ, ಮುಮ್‌ದುರಗವ್ವ, ಪರೇಲ್, ಮುಮ್‌ದುರಗವ್ವ. ಒಬ್ಬ ದೇವಿಯ ಹೆಸರು ಹೊತ್ತ ಊರಿಗೆ ನಾನು ಒಂದೇ ಏಟಿಗೆ ಇನ್ನೊಬ್ಬ ದೇವಿಯ ಹೆಸರಿಟ್ಟಿದ್ದೆ. ದುರಗವ್ವನಿಗೆ ಓದಿ ಹೇಳಿದರೆ ಗೋಡೆ ಹಿಡಿದುಕೊಂಡು ನಕ್ಕಳು. ಮೌಶಿ ನಗಲಿಲ್ಲ. "ಮೊದಲಿನಂಗ ಮಾಡು. ಒಂದೊಂದ ಸಾಲು ಓದಿ ತಿದ್ದೂಣು," ಎಂದಳು.

ಓದತೊಡಗಿದೆ. ತಿಂಗಳು, ಜಾಗ, ಡ್ರಮ್ಮು. ದುರಗವ್ವ ಒಂದೊಂದಕ್ಕೂ "ಹೂಂ ರೀ" ಎನ್ನುತ್ತಿದ್ದಳು. ಯಾವ ಚಾಳಿನಲ್ಲಿ ಯಾವ ಡ್ರಮ್ಮಿಗೆ ಮುಚ್ಚಳ ಇರಲಿಲ್ಲ ಎನ್ನುವುದೂ ಅವಳಿಗೆ ನೆನಪಿತ್ತು. ಆರನೆಯ ವರ್ಷದ ಜುಲೈಗೆ ಬಂದಾಗ ಅವಳು "ಹೂಂ" ಎನ್ನಲಿಲ್ಲ.

"ಅಕ್ಕಾರ, ಅದು ನನ್ನ ಸಣ್ಣ ಮಗಳು ಹುಟ್ಟಿದ ವರ್ಷ. ಆ ಮಳಿಗಾಲ ನಾ ಬಂದೇ ಇಲ್ರಿ. ನನ್ನ ತಂಗಿ ಮಲ್ಲವ್ವ ಬರತಿದ್ಳು. ಅವೆಲ್ಲಾ ಆಕಿ ತುಂಬಿದ ಬಾಟ್ಲಿ. ಅಲ್ಲಿ ನನ್ನ ಹೆಸರ ಬ್ಯಾಡ್ರಿ, ಆಕಿದ ಹಾಕ್ರಿ."

ಮೌಶಿ ಬೆಪ್ಪಾಗಿ ಅವಳನ್ನೇ ನೋಡಿದಳು. "ನಿನ್ನ ತಂಗಿ ಬರತಿದ್ಳಾ? ನನಗ ಗೊತ್ತೇ ಆಗಿಲ್ಲಲ್ಲ."

"ನೀವು ಆಕಿಗೂ ಬಾಯಿ ಅಂತಿದ್ರಿ," ಎಂದಳು ದುರಗವ್ವ. ಅದರಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಹೇಳಿದಳು, ಅಷ್ಟೇ.

ಮೌಶಿ ಕನ್ನಡಕ ತೆಗೆದಳು. ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು. ಇಷ್ಟು ವರ್ಷ ಅವಳನ್ನು ಆಡಿಕೊಂಡು ನಗುತ್ತಲೇ ಬಂದವಳು ನಾನು. ಆಗ ಮಾತ್ರ ಅವಳ ಮುಖ ನೋಡಿ ನನಗೂ ಅಳು ಬಂತು, ಅವಳ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಬಂತು. ಅವಳು ಎದ್ದು ತನ್ನ ಕುರ್ಚಿಯನ್ನು ಕಂಪ್ಯೂಟರಿನ ಎದುರಿಗೆ, ನನ್ನ ಪಕ್ಕಕ್ಕೆ ಸರಿಸಿ, ದುರಗವ್ವನ ಭುಜ ಹಿಡಿದು ಅದರಲ್ಲಿ ಕೂರಿಸಿದಳು. ತಾನು ಪಕ್ಕದಲ್ಲಿ ನಿಂತು ಪೆನ್ನು ತೆಗೆದಳು.

"ಮಲ್ಲವ್ವ ಯಾವಾಗಿಂದ ಯಾವಾಗಿನ ತನಕ ಬಂದಿದ್ಳು? ನೀನು ಹೇಳು ದುರಗವ್ವ, ನಾನು ಬರಕೋತೀನಿ."