ಖಾಲಿ ಕೊಕ್ಕೆಯ ಮುಂದೆ ನಮ್ಮ ಬೀಗರು

ನಮ್ಮ ಬೀಗರು ಕೂತಿದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ! ಅವರ ಮಗನಿಗೂ ನನ್ನ ಮಗಳಿಗೂ ಧಾರೆಯಾಗುವಾಗ, ಈ ಮಹಾನುಭಾವರು ಛತ್ರದ ಬಾಗಿಲಲ್ಲಿ ನಿಂತು, ಹೊರಗೆ ಹೋದ ನೆಂಟರೆಲ್ಲ ಒಳಗೆ ಬಂದರೇ ಎಂದು ನೋಡುತ್ತಿದ್ದರು. ಪುರೋಹಿತರು ಮೈಕಿನಲ್ಲಿ ಕರೆಯಬೇಕಾಯಿತು.

ಚಿನ್ನದ ಗಣಿಯೊಂದರ ಬಾಗಿಲಲ್ಲಿ ಬಿಲ್ಲೆ ಗುಮಾಸ್ತರಾಗಿದ್ದವರು. ಕೆಳಗಿಳಿಯುವವನಿಗೆ ಹಿತ್ತಾಳೆಯ ಬಿಲ್ಲೆ ಕೊಡುವುದು, ಮೇಲೆ ಬಂದಾಗ ಅದನ್ನು ಅವನ ಕೊಕ್ಕೆಗೆ ಮರಳಿ ಹಾಕುವುದು. ಕೊಕ್ಕೆ ಖಾಲಿ ಎಂದರೆ ಆಳು ಇನ್ನೂ ನೆಲದ ಕೆಳಗೆ. ಮೂವತ್ತು ವರ್ಷ ಅದನ್ನೂ ನಿಂತೇ ಮಾಡಿದರಂತೆ. ಕುರ್ಚಿ ಹೊಸದಾಗಿಯೇ ಉಳಿದಿರಬೇಕು!

ಈ ಸಲ ಅವರೂ ನಾನೂ ಒಟ್ಟಿಗೇ ಟೋಕಿಯೋಗೆ, ಮಕ್ಕಳ ಮನೆಗೆ ಬಂದೆವು. ಸಂಜೆಯಾದರೆ ಬಾಗಿಲ ಬಳಿ ಬೂಟುಗಳ ತಪಾಸಣೆ.

"ಒಂದ್ ಜೊತೆ ಕಮ್ಮಿ ಇದೆ ಬೀಗರೇ!"

"ನಿಮ್ಮ ಮಗ ಶಿನಾಗಾವಾ ಆಫೀಸಿಂದ ಇನ್ನೂ ಬಂದಿಲ್ಲ. ಕೂತ್ಕೊಳ್ಳಿ."

ಕೂರುವುದುಂಟೇ? ಅಡುಗೆಮನೆಗೂ ಬಾಗಿಲಿಗೂ ಶತಪಥ! ನಾನೋ ಹಾಸ್ಟೆಲ್ಲಿನ ಗಂಟೆಗೆ ಬೆಳೆದವನು, ಎಂಟಕ್ಕೆ ಊಟ. ಇವರು ಹೀಗೆ ಸುತ್ತುತ್ತಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಒಂದು ಶನಿವಾರ ಮಗಳು ನಮ್ಮಿಬ್ಬರನ್ನೂ ನಾಗಾನೋ ಬೆಟ್ಟಗಳ ಕಡೆ ಕರೆದೊಯ್ದಳು. ರೈಲಿನಲ್ಲಿ ಕಂಡಕ್ಟರು ಬಗ್ಗಿ ಬೀಗರಿಗೆ ಅವರ ಸೀಟು ತೋರಿಸಿದ. ಇವರೂ ಬಗ್ಗಿ "ಅರಿಗಾತೋ" ಎಂದು ಧನ್ಯವಾದ ಹೇಳಿ, ನಿಂತೇ ಇದ್ದರು.

ಅಲ್ಲೊಂದು ಊರಿನಲ್ಲಿ, ಯುದ್ಧಕಾಲದಲ್ಲಿ ಗುಡ್ಡದ ಹೊಟ್ಟೆ ಕೊರೆದು ಮಾಡಿದ ಗುಹೆ. ಸಮುದ್ರದಾಚೆಯಿಂದ ಜನರನ್ನು ಬಲವಂತವಾಗಿ ತಂದು ಕೊರೆಸಿದ್ದಂತೆ. ಬಾಗಿಲಲ್ಲಿ ಸಾಲು ಕೊಕ್ಕೆ, ಕೊಕ್ಕೆಗೊಂದು ಹಳದಿ ಹೆಲ್ಮೆಟ್ಟು. ಬೀಗರ ಕಣ್ಣು ಮಿಂಚಿತು. ನನ್ನದನ್ನು ತಾವೇ ತೆಗೆದು ನನ್ನ ತಲೆಗಿಟ್ಟರು.

"ಹನ್ನೆರಡನೇ ಕೊಕ್ಕೆ, ಜ್ಞಾಪಕ ಇರ್ಲಿ." ಆಮೇಲೆ ಮಗಳ ಕಡೆ ತಿರುಗಿ, "ಕೇಳಮ್ಮಾ, ಆಗ ಒಳಗೆ ಹೋದೋರ ಲೆಕ್ಕ ಯಾರು ಇಟ್ಟಿದ್ರು?"

ಕಾವಲಿನ ಮುದುಕ ತಲೆ ತಗ್ಗಿಸಿ ಏನೋ ಹೇಳಿದ.

"ಸರಿಯಾಗಿ ಯಾರೂ ಇಟ್ಟಿಲ್ವಂತೆ ಮಾವ."

ಬೀಗರು ಕೊಕ್ಕೆಗಳ ಸಾಲನ್ನು ಮತ್ತೊಮ್ಮೆ ನೋಡಿ ಒಳಗೆ ನಡೆದರು.

ಮಗಳು ಸೇಬು ಕೊಳ್ಳಲು ಹೊರಗೇ ಉಳಿದಳು. ಒಳಗೆ ಬೀಗರು ಗೋಡೆಯ ಮೇಲಿನ ಉಳಿಯ ಗುರುತುಗಳನ್ನು ಸವರುತ್ತ ನಿಂತುಬಿಟ್ಟರು. ನನ್ನ ಚೀಟಿಯಲ್ಲಿ ಬಸ್ಸು ಮೂರು ನಲವತ್ತಕ್ಕೆ! ಅವರ ಬೆನ್ನ ಹಿಂದೆಯೇ ಸರಸರನೆ ದಾಟಿ, ಕಾವಲಿನ ಮುದುಕನ ಕಣ್ಣಿಗೂ ಬೀಳದೆ ಹೊರಬಂದೆ. ನೇರ ಬಸ್ ನಿಲ್ದಾಣಕ್ಕೆ. ಬಸ್ಸು ಬರುವಷ್ಟರಲ್ಲಿ ಮಗಳೂ ಚೀಲ ಹಿಡಿದು ಬಂದಳು.

"ಅಪ್ಪಾ, ತಲೆ ಮೇಲೇನದು? ಮಾವ ಎಲ್ಲಿ?"

ಶಿಸ್ತಿನ ಸಿಪಾಯಿಯ ತಲೆಯ ಮೇಲೆ ಹಳದಿ ಹೆಲ್ಮೆಟ್ಟು! ಬಸ್ಸು ತನ್ನ ಸಮಯಕ್ಕೆ ಸರಿಯಾಗಿ ಹೊರಟುಹೋಯಿತು.

ಇಷ್ಟು ಹೊತ್ತು ಏನು ಮಾಡುತ್ತಿದ್ದಾರೆ ಎಂದು ಬೈಗುಳ ಸಿದ್ಧಮಾಡಿಕೊಂಡು ಏರು ಹತ್ತಿದೆ. ಗುಹೆಯ ಬಾಗಿಲಲ್ಲಿ ಬೀಗರು ಕೂತಿದ್ದರು! ನೆಲದ ಮೇಲೆ, ಹನ್ನೆರಡನೇ ಕೊಕ್ಕೆಯ ಕೆಳಗೆ. ನನ್ನನ್ನು ಹುಡುಕಿ ಕಾವಲಿನ ಮುದುಕ ಟಾರ್ಚು ಹಿಡಿದು ಒಳಗಿಂದ ಬರುತ್ತಿದ್ದ. ಅದು ಮೂರನೆಯ ಸಲವಂತೆ. ಬೀಗರು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಕೈಮುಗಿದು, ಮತ್ತೊಮ್ಮೆ ಹೋಗೆಂದು ಗುಹೆ ತೋರಿಸುತ್ತಿದ್ದರು.

ನನ್ನನ್ನು ಕಂಡರು. ಎದ್ದು ಬಂದು ನನ್ನ ಗದ್ದದ ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಕೊಕ್ಕೆಗೆ ಹಾಕಿದರು.

"ಒಂದ್ಸಲ ಹೀಗೇ ಕೊಕ್ಕೆ ಖಾಲಿ ಇತ್ತು ಬೀಗರೇ. ಬಿಲ್ಲೆ ಜೇಬಲ್ಲಿಟ್ಕೊಂಡೇ ಮನೆಗೆ ಹೋಗಿರ್ತಾನೆ ಅಂದ್ಕೊಂಡು ನಾನೂ ಹೋಗ್ಬಿಟ್ಟೆ. ಅವನು ಹೋಗಿರ್ಲಿಲ್ಲ."

ಈಗ ತಿರುಗಾಡಿ ಬಂದೊಡನೆ ನನ್ನ ಬೂಟುಗಳನ್ನು ಅವರ ಕಣ್ಣಿಗೆ ಬೀಳುವಂತೆ ಇಟ್ಟು, "ಬಂದೆ ಬೀಗರೇ!" ಎಂದು ಕೂಗುತ್ತೇನೆ. ನಮ್ಮಲ್ಲಿ ಈಗ ಊಟ ಎಂಟಕ್ಕಲ್ಲ; ಎಲ್ಲ ಜೊತೆಗಳೂ ಬಂದ ಮೇಲೆ.