ಕನ್ನಡ ಮೇಡಂ ನಡೆಸಿದ ಉದ್ಯೋಗ ಮೇಳ

ಮದುವೆ ಛತ್ರದಲ್ಲಿ ಯಾರದಾದರೂ ಚಪ್ಪಲಿ ಕಳೆದೇ ಕಳೆಯುತ್ತದಲ್ಲ, ಹಾಗೆ ಉದ್ಯೋಗ ಮೇಳ ಅಂದಮೇಲೆ ಏನಾದರೊಂದು ಎಡವಟ್ಟು ಆಗದೆ ಸಂಜೆಯಾಗುವುದಿಲ್ಲ. ಇದು ನನ್ನ ಸ್ವಂತ ಅನುಭವ.

ನಾನು ಜಯನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಪ್ಲೇಸ್‌ಮೆಂಟ್ ಅನ್ನುವುದು ನನಗೆ ಸಂಬಂಧವೇ ಇಲ್ಲದ ವಿಷಯ. ಆದರೆ ಒಂದು ದಿನ ಪ್ರಿನ್ಸಿಪಾಲರು ಕರೆದು, ಈ ವರ್ಷ ನಮ್ಮ ಕಾಲೇಜಿನಲ್ಲೇ ಉದ್ಯೋಗ ಮೇಳ ಮಾಡ್ತಿದೀವಿ, ಅದನ್ನು ನೀವೇ ನೋಡ್ಕೊಳ್ಳಿ ಅಂದರು. ಕಾಮರ್ಸ್‌ನವರಿಗೆ ಪುರುಸೊತ್ತಿರಲಿಲ್ಲ. ಮೊದಲು ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ಮೇಷ್ಟ್ರು ಬೇರೆ ಕಡೆ ತಮಗೇ ಒಳ್ಳೆ ಪ್ಲೇಸ್‌ಮೆಂಟ್ ಆಗಿ ಹೊರಟುಹೋಗಿದ್ದರು. ಮಕ್ಕಳಿಗೆ ಕೆಲಸ ಸಿಗಲಿಲ್ಲ ಅಂದ್ರೆ ಮುಂದಿನ ವರ್ಷ ಅಡ್ಮಿಷನ್ ಬರಲ್ಲ, ಅಡ್ಮಿಷನ್ ಬರಲಿಲ್ಲ ಅಂದ್ರೆ ನಾವೆಲ್ಲ ಮೇಳದಲ್ಲಿ ಕ್ಯೂ ನಿಲ್ಲಬೇಕಾಗುತ್ತೆ ಅಂತ ಪ್ರಿನ್ಸಿಪಾಲರು ಬಹಳ ಶಾಂತವಾಗಿ ಹೇಳಿದರು. ನಾನು ಒಪ್ಪಿಕೊಂಡೆ.

ನಿಮ್ಮ ಸ್ಟ್ರೆಂತ್ ಏನು

ಮೇಳಕ್ಕೆ ಒಂದು ವಾರ ಇರುವಾಗ ಹುಡುಗರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸೋಣ ಅಂತ ಹೊರಟೆ. ನಾನೇ ಕಂಪನಿಯವಳು. ಕ್ಲಾಸ್‌ರೂಮಿನ ಟೇಬಲ್ಲಿಗೆ ಒಂದು ಬಟ್ಟೆ ಹಾಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತೆ. ಮೊದಲು ಬಂದವನು ಫೈನಲ್ ಬಿಕಾಂ ಕ್ಲಾಸಿನ ಲೀಡರ್. ಬಹಳ ಜವಾಬ್ದಾರಿಯ ಹುಡುಗ. ಪ್ರತಿದಿನ ಸ್ಟಾಫ್ ರೂಮಿಗೆ ಬಂದು ಎಷ್ಟು ಜನ ಬಂದಿದ್ದಾರೆ, ಎಷ್ಟು ಜನ ಇಲ್ಲ ಅಂತ ಒಪ್ಪಿಸಿ ಹೋಗುತ್ತಿದ್ದ.

ಅವನನ್ನು ಕೂರಿಸಿ, ಇಂಗ್ಲಿಷಿನಲ್ಲಿ ಗತ್ತಾಗಿ, ನಿಮ್ಮ ಸ್ಟ್ರೆಂತ್ ಏನು ಅಂತ ಕೇಳಿದೆ.

"ಅರವತ್ತೆರಡು, ಮೇಡಂ. ಇವತ್ತು ಸ್ವಲ್ಪ ಕಮ್ಮಿ ಬಂದಿದಾರೆ."

ಆಯಿತು, ವೀಕ್‌ನೆಸ್ ಏನು ಅಂತ ಕೇಳಿದೆ. ಅಕೌಂಟ್ಸ್‌ನಲ್ಲಿ ತುಂಬಾ ಜನ ವೀಕ್ ಇದಾರೆ, ಅದಕ್ಕೆ ಶನಿವಾರ ಸ್ಪೆಷಲ್ ಕ್ಲಾಸ್ ಇಡಿಸಿದೀವಿ ಅಂದ.

ನಾನು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದೆ. ಮಗು, ನಾನು ಕ್ಲಾಸಿನ ಸ್ಟ್ರೆಂತ್ ಕೇಳ್ತಿಲ್ಲ, ನಿನ್ನೊಬ್ಬನ ಸ್ಟ್ರೆಂತ್ ಕೇಳ್ತಿದೀನಿ ಅಂತ ಬಿಡಿಸಿ ಹೇಳಿದೆ. ಅವನು ಪಾಪ ತುಂಬಾ ಯೋಚನೆ ಮಾಡಿದ. ಆಮೇಲೆ ಸಂಕೋಚದಿಂದಲೇ ಹೇಳಿದ:

"ನನ್ನೊಬ್ಬಂದೇ ಅಂದ್ರೆ ಒಂದು, ಮೇಡಂ."

ಸೀನಿಯರ್ ಅಪ್ಪ

ಮೇಳದ ದಿನ ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಕಂಪನಿಗಳು ಸಾಲಾಗಿ ಟೇಬಲ್ ಹಾಕಿಕೊಂಡು ಕೂತಿದ್ದವು. ಬನಶಂಕರಿ, ಜೆಪಿ ನಗರ, ವಿಲ್ಸನ್ ಗಾರ್ಡನ್ ಕಡೆಯ ಬೇರೆ ಕಾಲೇಜಿನ ಮಕ್ಕಳೂ ಬಂದಿದ್ದರು. ನಾನು ಖುಷಿಯಾಗಿ ಓಡಾಡುತ್ತಿದ್ದೆ. ಅಷ್ಟರಲ್ಲಿ ಒಂದು ಕಂಪನಿಯ ಎಚ್‌ಆರ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ತುಂಬಾ ಮರ್ಯಾದಸ್ಥ ಹೆಂಗಸು. ತಪ್ಪು ತಿಳ್ಕೋಬೇಡಿ, ನಿಮ್ಮ ಕಾಲೇಜಿನಲ್ಲಿ ಒಂದೇ ಮನೆಯ ಹುಡುಗರು ತುಂಬಾ ಜನ ಓದ್ತಾರಾ ಅಂತ ಪಿಸುದನಿಯಲ್ಲಿ ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅವರು ಒಂದಷ್ಟು ರೆಸ್ಯೂಮೆಗಳನ್ನು ಹರಡಿ ತೋರಿಸಿದರು. ಹುಡುಗರ ಹೆಸರು ಬೇರೆ, ಜಾತಿ ಬೇರೆ, ಧರ್ಮ ಬೇರೆ, ಮನೆ ವಿಳಾಸ ಬೇರೆ. ತಂದೆಯ ಹೆಸರು ಮಾತ್ರ ಒಂದೇ. ತಂದೆಯ ಉದ್ಯೋಗ, ಬಸ್ ಕಂಡಕ್ಟರ್. ಅದೂ ಒಂದೇ.

ಅಲ್ಲೇ ನಿಂತಿದ್ದ ನಮ್ಮ ಹುಡುಗನೊಬ್ಬನನ್ನು ಹಿಡಿದು, ನಿಮ್ಮಪ್ಪ ಏನು ಮಾಡ್ತಾರೆ ಅಂದೆ. ತಿಲಕ್ ನಗರದಲ್ಲಿ ಟೈಲರ್ ಅಂಗಡಿ ಇದೆ ಅಂದ. ಹಾಗಾದ್ರೆ ಇಲ್ಲಿ ಕಂಡಕ್ಟರ್ ಅಂತ ಯಾಕಿದೆ ಅಂತ ರೆಸ್ಯೂಮೆ ಮುಂದೆ ಹಿಡಿದೆ. ಅವನು ಅದನ್ನು ಜೀವಮಾನದಲ್ಲಿ ಮೊದಲ ಸಲ ಓದುವವನಂತೆ ಓದಿದ.

"ಮೇಡಂ, ಇದು ನಮ್ಮಪ್ಪ ಅಲ್ಲ. ಸೀನಿಯರ್ ಅಪ್ಪ."

ಹೋದ ವರ್ಷ ಪಾಸಾದ ಸೀನಿಯರ್ ಒಬ್ಬ ತನ್ನ ರೆಸ್ಯೂಮೆಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ, ಹೆಸರು, ವಿಳಾಸ, ಫೋನ್ ನಂಬರ್ ಬದಲಾಯಿಸಿ ಸಾಕು ಅಂದಿದ್ದನಂತೆ. ಇವರೂ ಹೇಳಿದಷ್ಟೇ ಮಾಡಿದ್ದರು. ಅಪ್ಪನನ್ನು ಬದಲಾಯಿಸಿ ಅಂತ ಅವನು ಹೇಳಿರಲಿಲ್ಲವಲ್ಲ. ಎಲ್ಲರನ್ನೂ ಎದುರಿನ ಜೆರಾಕ್ಸ್ ಅಂಗಡಿಗೆ ಓಡಿಸಿ, ಅವರವರ ಅಪ್ಪನನ್ನು ಅವರವರು ಹಾಕಿಕೊಂಡು ಬನ್ನಿ ಅಂದೆ.

ಇದರಲ್ಲಿ ನಿಜವಾಗಿ ಪೆಟ್ಟು ತಿಂದವನು ಆ ಸೀನಿಯರನ ಸ್ವಂತ ತಮ್ಮ. ಅವನೂ ಫೈನಲ್ ಇಯರ್. ತಿದ್ದಿದ ರೆಸ್ಯೂಮೆಗಳೆಲ್ಲ ಬಂದಮೇಲೆ ಅವನದನ್ನು ನೋಡಿದ ಎಚ್‌ಆರ್ ಮೇಡಂ ನಿಟ್ಟುಸಿರುಬಿಟ್ಟು, ಎಲ್ಲರೂ ಸರಿಮಾಡ್ಕೊಂಡು ಬಂದ್ರು, ನೀನಾದ್ರೂ ನಿಮ್ಮಪ್ಪನ ಹೆಸರು ಹಾಕ್ಬಾರ್ದಾ ಅಂದರಂತೆ.

ರಿಸೆಪ್ಷನ್ ಕೋಟು

ನಮ್ಮ ಬಿಬಿಎ ಹುಡುಗರಲ್ಲಿ ಮೂವರು ಗೆಳೆಯರು. ಒಬ್ಬ ಉದ್ದ, ಒಬ್ಬ ಸಾಧಾರಣ, ಒಬ್ಬ ಗುಂಡಗೆ. ಕೋಟು ಹಾಕಿಕೊಂಡು ಹೋದರೆ ಕೆಲಸ ಗ್ಯಾರಂಟಿ ಅಂತ ಯಾರೋ ಅವರ ತಲೆಗೆ ತುಂಬಿದ್ದರು. ಮೂವರ ನಡುವೆ ಇದ್ದದ್ದು ಒಂದೇ ಕೋಟು, ಉದ್ದದವನ ಅಣ್ಣನ ಮದುವೆ ರಿಸೆಪ್ಷನ್‌ದು. ಮೆರೂನ್ ಬಣ್ಣದ ವೆಲ್ವೆಟ್ಟು, ಕಾಲರಿನ ಸುತ್ತ ಮಿಂಚುವ ಕಸೂತಿ. ಜನರೇಟರ್ ಹಿಂದೆ ನಿಂತು ಒಬ್ಬ ಬಿಚ್ಚುವುದು, ಇನ್ನೊಬ್ಬ ತೊಡುವುದು ಅಂತ ಪ್ಲಾನ್ ಆಯಿತು.

ಅವರು ಹೋದ ಟೇಬಲ್ಲಿನಲ್ಲಿ ಕೂತಿದ್ದವರು ತಲೆ ಪೂರ್ತಿ ಬೆಳ್ಳಗಾಗಿದ್ದ ಹಿರಿಯರು. ಮೊದಲು ಉದ್ದದವನು ಹೋಗಿ ಬಂದ. ಕೋಟಿನ ತೋಳು ಅವನಿಗೆ ಮೊಣಕೈ ತನಕ. ಆಮೇಲೆ ಸಾಧಾರಣದವನು. ಅವನಿಗೆ ಕೋಟು ಸರಿಹೋಯಿತು, ಉತ್ತರಗಳು ಸರಿಹೋಗಲಿಲ್ಲ. ಕೊನೆಗೆ ಗುಂಡಗಿದ್ದವನು ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು ಹೋಗಿ ಕೂತ. ನೀರಿನ ಬಾಟಲಿ ಇಡುವ ನೆಪದಲ್ಲಿ ನಾನೂ ಅಲ್ಲೇ ನಿಂತೆ.

ಹಿರಿಯರು ಅವನ ಮುಖ ನೋಡಲೇ ಇಲ್ಲ. ಕೋಟನ್ನೇ ನೋಡುತ್ತಾ, ಎಡಗಡೆ ಒಳಜೇಬಿನಲ್ಲಿ ನನ್ನ ಪೆನ್ನಿದೆ ಅಂದರು. ಮೊದಲನೆಯವನು ಸಹಿ ಮಾಡಲು ಇಸ್ಕೊಂಡವನು ಹಾಗೇ ಸಿಕ್ಕಿಸಿಕೊಂಡು ಹೋಗಿದ್ದ. ಇವನು ಕೈ ಹಾಕಿದ. ಪೆನ್ನೂ ಬಂತು, ಜೊತೆಗೆ ರಿಸೆಪ್ಷನ್ನಿನಲ್ಲಿ ಯಾರೋ ಕೊಟ್ಟಿದ್ದ ಒಣಗಿದ ಬೀಡಾ ಒಂದು ಬಂತು. ಹಿರಿಯರು ಪೆನ್ನು ಮಾತ್ರ ತೆಗೆದುಕೊಂಡರು.

"ನೋಡಪ್ಪಾ, ಕೋಟನ್ನ ನಾನು ಆಗಲೇ ಸೆಲೆಕ್ಟ್ ಮಾಡಿದೀನಿ. ಈಗ ಒಳಗಿರೋರ ಬಗ್ಗೆ ಮಾತಾಡೋಣ."

ಪ್ರೆಷರ್

ಬಿಟಿಎಂ ಲೇಔಟ್ ಲೇಔಟ್ ಆಗುವ ಮೊದಲೇ ಅಲ್ಲಿ ಹೊಲವಿದ್ದ ಮನೆತನದ ಹುಡುಗನೊಬ್ಬ ನಮ್ಮಲ್ಲಿ ಓದುತ್ತಿದ್ದ. ಹೊಲವಿದ್ದ ಜಾಗದಲ್ಲಿ ಈಗ ಅವರ ಅಪ್ಪ ಪಿಜಿ ಕಟ್ಟಿಸಿದ್ದರು. ಇವನಿಗೆ ಕೆಲಸದ ಅಗತ್ಯವೇ ಇರಲಿಲ್ಲ. ಆದರೆ ನಾಳೆ ಹೆಣ್ಣಿನ ಕಡೆಯವರು ಹುಡುಗ ಏನು ಮಾಡ್ತಾನೆ ಅಂತ ಕೇಳಿದರೆ ಬಾಡಿಗೆ ಎತ್ತುತ್ತಾನೆ ಅನ್ನೋಕಾಗಲ್ಲ, ಒಂದು ಐಡಿ ಕಾರ್ಡ್ ತಂದ್ಕೊ ಅಂತ ಅವರಪ್ಪ ಕಳಿಸಿದ್ದರು.

ಅವನ ಇಂಟರ್‌ವ್ಯೂ ಮಾಡಿದವನು ಅವನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ಇಸ್ತ್ರಿ ಶರ್ಟು, ಗಂಭೀರ ಮುಖ. ನಮ್ಮ ಕಂಪನಿಗೆ ಯಾಕೆ ಸೇರಬೇಕು ಅಂತಿದೀರಿ ಅಂತ ಶುರುಮಾಡಿದ. ನಮ್ಮ ಹುಡುಗ ಉತ್ತರ ಕೊಡುವ ಬದಲು ಅವನನ್ನೇ ದಿಟ್ಟಿಸಿ, ಸಾರ್ ನೀವು ನಮ್ಮ ಪಿಜಿ ಮೂರನೇ ಫ್ಲೋರಲ್ಲಿ ಇದೀರಲ್ವಾ ಅಂದ.

ಅಷ್ಟೇ. ಇಂಟರ್‌ವ್ಯೂ ಮಾಡುವವನ ಗಾಂಭೀರ್ಯ ಕರಗಿಹೋಯಿತು. ಆಚೀಚೆ ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು, ನಿಮ್ಮಪ್ಪನ ಹತ್ತಿರ ಹೇಳಿ ಹೇಳಿ ಸಾಕಾಯ್ತು ಅಂತ ಶುರುಮಾಡಿದ. ಗೀಸರ್ ಕೆಟ್ಟಿದೆ. ದಿನಾ ಬೀಟ್ರೂಟ್ ಪಲ್ಯ. ವೈಫೈ ಮೆಟ್ಟಿಲ ಮೇಲೆ ನಿಂತರೆ ಮಾತ್ರ ಸಿಗುತ್ತೆ. ನಮ್ಮ ಹುಡುಗ ತನ್ನ ರೆಸ್ಯೂಮೆಯನ್ನು ತಿರುಗಿಸಿ ಅದರ ಬೆನ್ನ ಮೇಲೆ ಎಲ್ಲವನ್ನೂ ಬರೆದುಕೊಳ್ಳತೊಡಗಿದ.

ಪಕ್ಕದ ಟೇಬಲ್ಲಿನಿಂದ ಅವನ ಕಂಪನಿಯ ದೊಡ್ಡವರು ಇತ್ತ ಕಣ್ಣು ಹಾಯಿಸಿದರು. ತಕ್ಷಣ ಇವನು ನೆಟ್ಟಗೆ ಕೂತು, ದನಿ ಬದಲಾಯಿಸಿ, ನೀವು ಪ್ರೆಷರ್ ಹೇಗೆ ಹ್ಯಾಂಡಲ್ ಮಾಡ್ತೀರಿ ಅಂತ ಕೇಳಿದ.

"ಗೊತ್ತು ಸಾರ್, ಮೂರನೇ ಫ್ಲೋರಿಗೆ ಪ್ರೆಷರ್ರೇ ಬರ್ತಿಲ್ಲ. ಟ್ಯಾಂಕ್ ಇನ್ನೊಂದು ಸ್ವಲ್ಪ ಎತ್ತರಿಸ್ತಿದೀವಿ, ಸರಿಹೋಗುತ್ತೆ."

ದೊಡ್ಡವರು ಆ ಕಡೆ ತಿರುಗಿದ ಮೇಲೆ ಇವನು, ಮುಂದಿನ ಐದು ವರ್ಷದಲ್ಲಿ ನಿಮ್ಮನ್ನ ನೀವು ಎಲ್ಲಿ ಕಾಣ್ತೀರಿ ಅಂತ ಕೇಳಿದ. ಅದೇ ಪಿಜಿ ಸಾರ್, ಇನ್ನೆರಡು ಫ್ಲೋರ್ ಏರಿಸೋದು ಅಂತಿದೆ ಅಂದ ನಮ್ಮವನು. ಇಬ್ಬರೂ ಎದ್ದು ಕೈಕುಲುಕಿದರು. ನಾನು ಎಷ್ಟೋ ಇಂಟರ್‌ವ್ಯೂ ನೋಡಿದೆ ಅವತ್ತು, ಆದರೆ ಕೊನೆಯಲ್ಲಿ "ವಿ ವಿಲ್ ಗೆಟ್ ಬ್ಯಾಕ್ ಟು ಯೂ" ಅಂತ ಅಭ್ಯರ್ಥಿಯೇ ಹೇಳಿದ್ದು ಅದೊಂದರಲ್ಲಿ ಮಾತ್ರ.

ಪೇಟ, ಶಾಲು, ಹಣ್ಣಿನ ಬುಟ್ಟಿ

ಇನ್ನು ಉಳಿದದ್ದು ಬಿಬಿಎ ಓದುತ್ತಿದ್ದ ಒಬ್ಬ ಹುಡುಗಿಯ ಕಥೆ. ಅವಳಿಗೆ ಅಟೆಂಡೆನ್ಸ್ ಬಹಳ ಕಡಿಮೆ. ಕ್ಲಾಸಿನಲ್ಲಿ ಅವಳನ್ನು ಕಂಡವರೇ ಕಡಿಮೆ. ಪ್ರಿನ್ಸಿಪಾಲರಂತೂ ಕಂಡೇ ಇರಲಿಲ್ಲ, ಹಾಲ್ ಟಿಕೆಟ್ ತಡೆಹಿಡಿದವರ ಪೈಕಿ ಒಂದು ಹೆಸರು ಅಂತಷ್ಟೇ ಅವರಿಗೆ ಗೊತ್ತು. ಮೇಳಕ್ಕೆ ಮಾತ್ರ ಅವಳು ಅಮ್ಮನ ಸೀರೆ ಉಟ್ಟು, ಹೊಸ ಹೈ ಹೀಲ್ಸ್ ಹಾಕಿಕೊಂಡು ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೀಲ್ಸ್ ಕಚ್ಚಿ ಹಿಮ್ಮಡಿ ಸುಲಿದಿತ್ತು.

ಒಂದು ಕಂಪನಿಯ ಟೇಬಲ್ ಖಾಲಿಯಿತ್ತು. ಬ್ಯಾನರ್ ಕಟ್ಟಿತ್ತು, ಅವರ ಎಚ್‌ಆರ್ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಹುಡುಗಿ ಆ ಕುರ್ಚಿಯಲ್ಲಿ ಕೂತು, ಟೇಬಲ್ಲಿನ ಕೆಳಗೆ ಚಪ್ಪಲಿ ಕಳಚಿ, ಕಾಲು ನೀವಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬೇರೆ ಕಾಲೇಜಿನ ಹುಡುಗನೊಬ್ಬ ಬಂದು ಎದುರಿಗೆ ಕೂತು ತನ್ನ ಪರಿಚಯ ಹೇಳಿಕೊಳ್ಳಲು ಶುರುಮಾಡಿದ. ಪಾಪ ಅಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಕೊಂಡು ಬಂದಿದ್ದ, ಮಧ್ಯದಲ್ಲಿ ಹೇಗೆ ನಿಲ್ಲಿಸೋದು ಮೇಡಂ ಅಂತ ಆಮೇಲೆ ನನ್ನ ಹತ್ತಿರ ಹೇಳಿದಳು. ಅವನು ಮುಗಿಸುವ ಹೊತ್ತಿಗೆ ಅವನ ಹಿಂದೆ ಕ್ಯೂ ಬೆಳೆದಿತ್ತು.

ಅವಳು ಎದ್ದು ಹೋಗಬಹುದಿತ್ತು. ಆದರೆ ಕಾಲು ಚಪ್ಪಲಿಗೆ ಹೋಗುತ್ತಿರಲಿಲ್ಲ. ಸರಿ, ನಾನು ಅಭ್ಯಾಸ ಮಾಡಿಸಿದ್ದ ಪ್ರಶ್ನೆಗಳನ್ನೇ ಒಬ್ಬೊಬ್ಬರಿಗೂ ಕೇಳಿದಳು. ಚೆನ್ನಾಗಿ ಮಾತಾಡಿದವರ ರೆಸ್ಯೂಮೆ ಬಲಕ್ಕೆ, ಉಳಿದದ್ದು ಎಡಕ್ಕೆ. ಅವಳ ಕ್ಲಾಸಿನವನೇ ಒಬ್ಬ ಕ್ಯೂನಲ್ಲಿ ಬಂದ. ಅವಳನ್ನು ನೋಡಿ ಗಾಬರಿಯಾದ, ಆದರೂ ಮೇಡಂ ಮೇಡಂ ಅಂತಲೇ ಉತ್ತರ ಕೊಟ್ಟು ಹೋದ. ಹೊರಗೆ ಗೆಳೆಯನಿಗೆ ಹೇಳಿದ್ದು ಆಮೇಲೆ ನನ್ನ ಕಿವಿಗೆ ಬಿತ್ತು: "ಆ ಕಂಪನಿಗೆ ಹೋಗು ಮಗಾ, ಗ್ರೋತ್ ಸಖತ್ತಾಗಿದೆ. ನಮ್ಮ ಕ್ಲಾಸ್ ಹುಡುಗಿ ಬೆಳಗ್ಗೆ ಸೇರಿ ಮಧ್ಯಾಹ್ನಕ್ಕೆ ಎಚ್‌ಆರ್ ಆಗಿದಾಳೆ."

ಅದೇ ಹೊತ್ತಿಗೆ ಪ್ರಿನ್ಸಿಪಾಲರು ಕಂಪನಿಯವರಿಗೆಲ್ಲ ಸನ್ಮಾನ ಮಾಡುತ್ತಾ ಬಂದರು. ಶಾಲುಗಳ ತಟ್ಟೆ ಹಿಡಿದು ನಾನು ಹಿಂದೆ, ಫೋಟೋದವನು ಮುಂದೆ. ಟೇಬಲ್ ಹತ್ತಿರ ಬಂದಾಗ ನಾನೂ ಅವಳೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಬರಿಗಾಲಲ್ಲೇ ಎದ್ದು ನಿಂತು, ಸಾರ್ ನಾನು, ಅನ್ನುವಷ್ಟರಲ್ಲಿ ಪ್ರಿನ್ಸಿಪಾಲರು, ಗೊತ್ತು ಮೇಡಂ, ನೀವು ಬಿಜಿ ಇದೀರಿ, ಎರಡೇ ನಿಮಿಷ ಅಂತ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಜನರ ಎದುರಿಗೆ ಪ್ರಿನ್ಸಿಪಾಲರ ಮಾನ ತೆಗೆಯುವ ಧೈರ್ಯ ನನಗೆ ಬರಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

ನಮ್ಮ ಮಕ್ಕಳು ಹೇಗಿದಾರೆ ಮೇಡಂ ಅಂತ ಪ್ರಿನ್ಸಿಪಾಲರು ಕೇಳಿದರು. ತುಂಬಾ ಚೆನ್ನಾಗಿದಾರೆ ಅಂದಳು. ಆಮೇಲೆ ಪೇಟ ಸರಿಮಾಡಿಕೊಂಡು, ಅಟೆಂಡೆನ್ಸ್ ವಿಷಯದಲ್ಲಿ ಮಾತ್ರ ಕಾಲೇಜು ಸ್ವಲ್ಪ ಸ್ಟ್ರಿಕ್ಟ್ ಅನ್ಸುತ್ತೆ ಸಾರ್, ಈಗ ಕಂಪನಿಗಳಲ್ಲೇ ಯಾರೂ ಅಷ್ಟು ನೋಡಲ್ಲ ಅಂದಳು. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ನೋಟ್ ಮಾಡ್ಕೊಳ್ಳಿ ಅಂದರು.

ಅವರು ಮುಂದಿನ ಟೇಬಲ್ಲಿಗೆ ಹೋಗುವಾಗ ಹೆಲ್ಮೆಟ್ ಹಿಡಿದು ಬೆವರು ಸುರಿಸುತ್ತಾ ಒಬ್ಬರು ಓಡಿಬಂದರು. ಈಗ ಬರೋದೇನಪ್ಪಾ, ಕ್ಯೂನಲ್ಲಿ ನಿಂತ್ಕೊ ಅಂತ ಪ್ರಿನ್ಸಿಪಾಲರು ಗದರಿದರು. ಓಡಿಬಂದವರು ಕ್ಯೂನಲ್ಲಿ ನಿಂತರು. ಅವರ ಸರದಿ ಬಂತು. ಹುಡುಗಿ ತಲೆಯೆತ್ತದೆ, ನಿಮ್ಮ ಬಗ್ಗೆ ಹೇಳಿ ಅಂದಳು. ನಾನು ಈ ಕಂಪನಿಯ ಎಚ್‌ಆರ್ ಅಂದರು ಅವರು. ಆಗಿನಿಂದ ಎಲ್ಲರೂ ಕೊಚ್ಚಿಕೊಂಡದ್ದನ್ನು ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ಎಕ್ಸ್‌ಪೀರಿಯೆನ್ಸ್ ಲೆಟರ್ ತಂದಿದೀರಾ ಅಂತ ಕೇಳಿದಳು.

ಐಡಿ ಕಾರ್ಡ್ ನೋಡಿದ ಮೇಲೆ ಅವಳ ಕಣ್ಣಲ್ಲಿ ನೀರೇ ಬಂತು. ಪೇಟ ತೆಗೆದು, ಇದು ನಿಮ್ಮದು ಸಾರ್ ಅಂತ ಅವರ ಕೈಗಿಟ್ಟಳು. ಅವರು ಒಳ್ಳೆಯ ಮನುಷ್ಯ. ಕೂತು ಬಲಗಡೆಯ ರೆಸ್ಯೂಮೆಗಳನ್ನೆಲ್ಲ ತಿರುವಿ ಹಾಕಿ, ನಾನಿದ್ದಿದ್ರೂ ಇವರನ್ನೇ ಆರಿಸ್ತಿದ್ದೆ ಅಂದರು. ಅದೇ ವಾರ ಅವಳಿಗೂ ಅಲ್ಲೇ ಕೆಲಸವಾಯಿತು, ಅದೂ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿ.

ಕೆಲಸಕ್ಕೆ ಸೇರಲು ಕಾಲೇಜಿನಿಂದ ಒಂದು ಪತ್ರ ಬೇಕಿತ್ತು. ನಾನೇ ಅವಳನ್ನು ಪ್ರಿನ್ಸಿಪಾಲರ ರೂಮಿಗೆ ಕರೆದುಕೊಂಡು ಹೋದೆ. ಅವರು ಸಹಿ ಮಾಡಲು ಪೆನ್ನು ತೆಗೆದು, ಅವಳ ಮುಖವನ್ನೇ ನೋಡಿದರು. ನಿಮ್ಮನ್ನ ಎಲ್ಲೋ ನೋಡಿದೀನಲ್ಲಮ್ಮ ಅಂದರು.

ನಾನು ಮೂರು ವರ್ಷದಿಂದ ಇದೇ ಕಾಲೇಜಿನಲ್ಲಿ ಓದ್ತಿದೀನಿ ಸಾರ್ ಅಂದಳು ಅವಳು.

ಪ್ರಿನ್ಸಿಪಾಲರು ಇಲ್ಲ ಅನ್ನುವಂತೆ ತಲೆಯಾಡಿಸಿದರು.

"ಅಲ್ಲ ಅಲ್ಲ, ಕಾಲೇಜಲ್ಲಲ್ಲ. ಬೇರೆಲ್ಲೋ ನೋಡಿದೀನಿ."