ಅವ್ವನ ಕೈಗೆ ಚಿಪ್ಪು

೧. ಚಿಪ್ಪು

ಆಡಿಟರು ಚಿತ್ರದುರ್ಗದಿಂದ ಬಸ್ಸಿನಲ್ಲಿ ಬಂದು ಮೇಜಿನ ಮೇಲೆ ಮೂರು ಪುಟ್ಟ ಸಾಮಾನು ಇಟ್ಟರು. ಹೆಬ್ಬೆರಳಿನಷ್ಟು ಉದ್ದ. ತುದಿಗೊಂದು ಮುಚ್ಚಳ. ಟೋಕನ್ ಅಂದರು.

ಎರಡು ಸಾವಿರದ ಏಳರ ಸುಮಾರು. ನಾನು ಚಳ್ಳಕೆರೆಯ ಒಂದು ಕಡ್ಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿಗೆ ಮೂವರು ಡೈರೆಕ್ಟರುಗಳು. ಅವ್ವ, ಅವರ ಇಬ್ಬರು ಗಂಡುಮಕ್ಕಳು. ಯಜಮಾನರು ಸಾಯುವ ಮುಂಚೆ ಅವ್ವನ ಹೆಸರನ್ನೇ ಮೊದಲು ಬರೆಸಿ ಹೋಗಿದ್ದರು.

ಆಡಿಟರು ವಿವರಿಸಿದರು. ಇನ್ನು ಮೇಲೆ ಕಂಪನಿಯ ಕಾಗದಗಳು ಸರ್ಕಾರಕ್ಕೆ ಕಂಪ್ಯೂಟರಿನಲ್ಲೇ ಹೋಗಬೇಕು. ಶಾಯಿಯ ಸಹಿ ನಡೆಯುವುದಿಲ್ಲ. ಈ ಟೋಕನ್ನಿನ ಒಳಗೊಂದು ಚಿಪ್ಪು ಇದೆ. ಸಹಿಯ ಗುಟ್ಟು ಅದರಲ್ಲೇ ಹುಟ್ಟುತ್ತದೆ, ಅದರಿಂದ ಹೊರಗೆ ಬರುವುದಿಲ್ಲ. ನಕಲು ಮಾಡಲು ಯಾರಿಂದಲೂ ಆಗದು. ಕಳೆದರೆ ಹೋಯಿತು, ಹೊಸದು ಬರಲು ಹದಿನೈದು ದಿನ.

ಆಮೇಲೆ, ಇದಕ್ಕಂತಲೇ ಊರಿಂದ ಬಂದಿದ್ದ ಅವ್ವನ ಕಡೆ ತಿರುಗಿ ವಿನಯವಾಗಿ ಅಂದರು: "ಅಮ್ಮಾ, ನಿಮ್ಮ ಕೈಗೂ ಒಂದು ಚಿಪ್ಪು ಕೊಡ್ತೀವಿ."

ನಮ್ಮ ಕಡೆ ಕೈಗೆ ಚಿಪ್ಪು ಕೊಡುವುದು ಅಂದರೆ ತಿರುಪೆಗೆ ಕಳಿಸುವುದು.

ಅವ್ವ ಮಕ್ಕಳಿಬ್ಬರನ್ನೂ ನೋಡಿದರು. "ಒಂದಿನ ಕೊಡ್ತೀರಿ ಅಂತ ಗೊತ್ತಿತ್ತು. ಅದಕ್ಕೂ ಆಡಿಟರ್ನ ಕರುಸ್ತೀರಿ ಅಂದ್ಕಂಡಿರ್ಲಿಲ್ಲ."

ಮಕ್ಕಳು ತಲೆ ತಗ್ಗಿಸಿದರು. ಯಾಕೆ ಅಂತ ನನಗೆ ಗೊತ್ತಿತ್ತು. ಅವ್ವ ಇದ್ದದ್ದು ಮೊಳಕಾಲ್ಮೂರಿನ ತವರು ಮನೆಯಲ್ಲಿ, ತಂಗಿಯ ಜೊತೆ. ಪ್ರತಿ ಕಾಗದಕ್ಕೂ ಯಾರಾದರೂ ಅಲ್ಲಿಗೆ ಹೋಗಬೇಕು. ಅವರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದರು. ಇದು ಯಾಕೆ, ಅದು ಯಾಕೆ ಅಂತ ಕೇಳುತ್ತಿದ್ದರು. ಸರಿ ಕಾಣದಿದ್ದರೆ ಸಹಿ ಹಾಕದೆ ವಾಪಸ್ಸು ಕಳಿಸುತ್ತಿದ್ದರು. ಅವ್ವನನ್ನು ಡೈರೆಕ್ಟರ್ ಸ್ಥಾನದಿಂದ ಬಿಡಿಸುವ ಫಾರಂ ಸಿದ್ಧ ಮಾಡಿ ಇಡು ಅಂತ ಹಿಂದಿನ ವಾರವಷ್ಟೇ ಮಕ್ಕಳು ನನಗೆ ಹೇಳಿದ್ದರು. ಅವ್ವನಿಗೆ ವಿಶ್ರಾಂತಿ ಬೇಕು ಅಂತ ಕಾರಣ ಕೊಟ್ಟಿದ್ದರು.

ವಿಶ್ರಾಂತಿ ಬೇಕಾಗಿದ್ದದ್ದು ಮಕ್ಕಳಿಗೆ.

೨. ಪಿನ್ನು

ಪ್ರತಿ ಟೋಕನ್ನಿಗೂ ಒಂದು ಗುಟ್ಟಿನ ನಂಬರು ಬೇಕು. ಹತ್ತು ಸಲ ತಪ್ಪು ಹೊಡೆದರೆ ಅದು ತಾನೇ ಬೀಗ ಹಾಕಿಕೊಳ್ಳುತ್ತದೆ. ಆ ನಂಬರಿಗೂ ಪಿನ್ ಅಂತಲೇ ಹೆಸರು.

ಆಡಿಟರು ಮಕ್ಕಳಲ್ಲಿ ದೊಡ್ಡವರನ್ನು ಪಿನ್ ಕೇಳಿದರು. ಅವರು ಚಳ್ಳಕೆರೆಯ ಪಿನ್‌ಕೋಡ್ ಹೇಳಿದರು. ಚಿಕ್ಕವರನ್ನು ಕೇಳಿದರು. ಅವರೂ ಅದನ್ನೇ ಹೇಳಿದರು. ಆಡಿಟರಿಗೆ ಸಿಟ್ಟು ಬಂತು. ಊರಿಗೆಲ್ಲ ಗೊತ್ತಿರುವ ನಂಬರು ಇಡುತ್ತೀರಾ, ಪೋಸ್ಟ್‌ಮ್ಯಾನ್ ಬಂದು ನಿಮ್ಮ ಸಹಿ ಹಾಕಿ ಹೋಗುತ್ತಾನೆ ಅಂದರು. ಇಬ್ಬರೂ ಬೇರೆ ನಂಬರು ಇಟ್ಟರು.

ಆಮೇಲೆ ಅವ್ವನ ಸರದಿ. ಆಡಿಟರು ಪಿನ್ನು ಅನ್ನುತ್ತಿದ್ದ ಹಾಗೇ ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೊಟ್ಟರು. "ವಾಪಸ್ ಕೊಡಪ್ಪ, ಒಂದೇ ಐತೆ."

ಆಡಿಟರು ಪಿನ್ನು ಹಿಂದಕ್ಕೆ ಕೊಟ್ಟು, ನಂಬರಿನ ವಿಷಯ ತಿಳಿಸಿ, ಕೀಲಿಮಣೆ ತೋರಿಸಿದರು. ಯಾರಿಗೂ ಹೇಳಬಾರದು ಅಂದರು. ಅವ್ವ ಎಲ್ಲರನ್ನೂ ಹೊರಗೆ ಕಳಿಸಿದರು. ಆಡಿಟರನ್ನೂ. ಕಾಲು ಗಂಟೆ ನಾವು ಹಿಂಡಿ ಮೂಟೆಗಳ ಪಕ್ಕ ನಿಂತಿದ್ದೆವು.

ಅವ್ವ ಬಾಗಿಲು ತೆಗೆದರು. "ಇಟ್ಟೀನಿ. ಇನ್ನು ನಿಮ್ಮಪ್ಪ ಬಂದು ಕೇಳಿದ್ರೂ ಹೇಳಲ್ಲ."

ಯಜಮಾನರು ತೀರಿಕೊಂಡು ಎಂಟು ವರ್ಷವಾಗಿತ್ತು.

೩. ದೊಡ್ಡವರ ಸಹಿ

ದೊಡ್ಡವರು ಸೋಮವಾರ ನಾಯಕನಹಟ್ಟಿಗೆ ಹೋದರು. ಗುಡಿಯ ಹೊರಗೆ ಚಪ್ಪಲಿ ಬಿಟ್ಟು ತಗಡಿನ ಬಿಲ್ಲೆ ತೆಗೆದುಕೊಂಡರು. ಬರುವಾಗ ಚಪ್ಪಲಿ ಕಾಯುವವನು ಟೋಕನ್ ಕೊಡ್ರಿ ಅಂದ. ಇವರು ಜೇಬಿಗೆ ಕೈ ಹಾಕಿ ಕೈಗೆ ಸಿಕ್ಕಿದ್ದನ್ನು ಕೊಟ್ಟರು. ಅವನು ಮುಖ ನೋಡಿ ಚಪ್ಪಲಿ ಕೊಟ್ಟ.

ಚಳ್ಳಕೆರೆಗೆ ಬಂದು ನೋಡಿದರೆ ಜೇಬಿನಲ್ಲಿ ತಗಡಿನ ಬಿಲ್ಲೆ. ನನ್ನನ್ನೂ ಕರೆದುಕೊಂಡು ವಾಪಸ್ಸು ಓಡಿದರು. ಅದರ ಮೇಲೆ ನಂಬರಿರಲಿಲ್ಲ, ಎಸೆದೆ ಅಂದ ಅವನು. ಎಲ್ಲಿ ಅಂದರೆ ನೆನಪಿಲ್ಲ.

"ಲೇ, ಅದು ನನ್ನ ಸಹಿ ಕಣಲೇ."

ಅವನು ಕಿವಿಯ ಮೇಲಿದ್ದ ಪೆನ್ನು ತೆಗೆದ. "ಇನ್ನೊಂದು ಹಾಕ್ಕಳ್ರಿ."

೪. ಚಿಕ್ಕವರ ನಂಬರು

ಚಿಕ್ಕವರು ಟೋಕನ್ ಜೋಪಾನವಾಗಿ ಬೀರುವಿನಲ್ಲಿ ಇಟ್ಟಿದ್ದರು. ನಂಬರು ಮರೆತಿದ್ದರು.

ಸ್ಕೂಟರಿನ ನಂಬರು ಹೊಡೆದರು. ಮಾರಿದ ಹಳೆಯ ಲಾರಿಯ ನಂಬರು ಹೊಡೆದರು. ಫೋನಿನದು, ಹತ್ತನೇ ಕ್ಲಾಸಿನ ರಿಜಿಸ್ಟರ್ ನಂಬರು, ಏನೇನೋ. ಒಂಬತ್ತಾಯಿತು. ಬುತ್ತಿ ತಂದಿದ್ದ ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನಾನು ಹುಟ್ಟಿದ ತಾರೀಕು ಇಟ್ಟಿದ್ರೋ ಏನೋ, ನೋಡ್ರಿ."

"ಅದು ಗೊತ್ತಿದ್ರೆ ಹೊಡೀತಿದ್ದೆ."

ಹತ್ತನೆಯದು ಏನು ಹೊಡೆದರೋ ನನಗೆ ತಿಳಿಯದು. ಟೋಕನ್ ಬೀಗ ಹಾಕಿಕೊಂಡಿತು. ಬುತ್ತಿ ಮನೆಗೆ ವಾಪಸ್ಸು ಹೋಯಿತು.

೫. ಫಾರಂ

ವರ್ಷದ ಕಾಗದ ಕಳಿಸಲು ಮಾರನೇ ದಿನವೇ ಕಡೆಯ ದಿನ. ನಡೆಯುವ ಸಹಿ ಒಂದೇ ಉಳಿದಿತ್ತು. ಅವ್ವನಿಗೆ ಫೋನ್ ಮಾಡಿದೆವು.

ಅವ್ವ ಬೆಳಗಿನ ಬಸ್ಸಿಗೆ ಬಂದರು. ಟೋಕನ್ ಎಲೆಅಡಿಕೆ ಸಂಚಿಯಲ್ಲಿತ್ತು, ಸುಣ್ಣದ ಡಬ್ಬಿಯ ಪಕ್ಕ. ಸೆರಗಿನಲ್ಲಿ ಒರೆಸಿ ಕೊಟ್ಟರು. ನಾನು ಕಂಪ್ಯೂಟರಿಗೆ ಸಿಕ್ಕಿಸಿದೆ. ಅವ್ವ ಮೂವರಿಗೂ ಗೋಡೆ ಕಡೆ ತಿರುಗಲು ಹೇಳಿದರು. ತಿರುಗಿದೆವು. ಟಕ್ ಟಕ್ ಅಂತ ಆರು ಸಲ ಕೇಳಿತು. ವರ್ಷದ ಕಾಗದ ಹೋಯಿತು.

ದೊಡ್ಡವರು ಗೋಡೆ ನೋಡುತ್ತಲೇ ಮೆಲ್ಲಗೆ, ಇನ್ನೊಂದು ಐತೆ, ಅದಕ್ಕೂ ಹೊಡೆದುಬಿಡವ್ವ ಅಂದರು. ನಾನು ಬಂದು ಅದನ್ನು ತೆರೆದೆ. ಅದು ಇಂಗ್ಲಿಷಿನಲ್ಲಿತ್ತು. ಅವ್ವ ಮಕ್ಕಳನ್ನು ಕೇಳಲಿಲ್ಲ, ನನ್ನನ್ನು ಕೇಳಿದರು.

"ಇದು ಏನ್ ಫಾರಮ್ಮು?"

ಮಕ್ಕಳು ಗೋಡೆ ಬಿಟ್ಟು ಅಲುಗಲಿಲ್ಲ. ಇಪ್ಪತ್ತೆಂಟು ವರ್ಷ ಅವ್ವನಿಗೆ ನಾನು ಸುಳ್ಳು ಹೇಳಿರಲಿಲ್ಲ.

"ನಿಮ್ಮನ್ನ ತೆಗೆಯೋದು, ಅವ್ವಾರೆ."

"ಯಾರ ಸಹಿ ಬೇಕು?"

"ಇವರದ್ದು ಸಾಕಿತ್ತು. ಇವತ್ತಿಗೆ ನಿಮ್ಮದೊಂದೇ ಇರೋದು."

ಅವ್ವ ಟೋಕನ್ ತಾವೇ ಕಿತ್ತು, ಮುಚ್ಚಳ ಹಾಕಿ, ಸಂಚಿಗೆ ಸೇರಿಸಿದರು.

"ಏನ್ರೋ, ತಿರುಗ್ರಿ ಇತ್ಲಾಗೆ. ಚಿಪ್ಪು ಯಾರ ಕೈಲೈತೆ ನೋಡ್ಕಳ್ರಿ."

ಇಬ್ಬರೂ ತಿರುಗಿದರು. ಚಿಕ್ಕವರಿಗೆ ನಗು ಬಂತು, ತಡೆದುಕೊಂಡರು. ಅದನ್ನು ನೋಡಿ ಅವ್ವನಿಗೇ ನಗು ಬಂತು. ಉಂಡ್ರಾ ಅಂತ ಕೇಳಿದರು. ಉಂಡಿರಲಿಲ್ಲ. ಮೊಳಕಾಲ್ಮೂರಿನಿಂದ ಗಂಟು ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚಿದರು. ನನಗೂ ಎರಡು ಕೊಟ್ಟರು.

ಹದಿನೈದು ದಿನಕ್ಕೆ ಮಕ್ಕಳಿಗೆ ಹೊಸ ಟೋಕನ್ ಬಂತು. ಆ ಫಾರಮ್ಮಿನ ಮಾತು ಮತ್ತೆ ಬರಲಿಲ್ಲ. ಎರಡು ವರ್ಷಕ್ಕೆ ಅವ್ವನ ಟೋಕನ್ನಿನ ಅವಧಿ ಮುಗಿಯಿತು. ಹೊಸದು ಕೊಡಲು ಮೊಳಕಾಲ್ಮೂರಿಗೆ ನಾನೇ ಹೋದೆ. ಹಳೆಯ ನಂಬರು ಇನ್ನು ಯಾವುದಕ್ಕೂ ಬೇಡ ಅಂದಮೇಲೆ, ಅವ್ವ ಅತ್ತಿತ್ತ ನೋಡಿ ಅದನ್ನು ನನ್ನ ಕಿವಿಯಲ್ಲಿ ಹೇಳಿದರು. "ಹುಡುಗ್ರು ಬೈಸ್ಕಂಡಿದ್ ನಂಬರು ಮತ್ತೆ ಅವರ ತಲೆಗೆ ಹೊಳೆಯಲ್ಲ ಅಂತ ಇಟ್ಟಿದ್ದೆ."

ಚಳ್ಳಕೆರೆಯ ಪಿನ್‌ಕೋಡು.